ಮೋಲ್ಡ್ ಹಾಕಿದ ತಿಂಗಳು

ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರದಲ್ಲಿ, ನಮ್ಮ ಬೀದಿಯ ಯಾವ ಮನೆಯ ತಾರಸಿ ಹತ್ತಿದರೂ ಕಂಬಿಗಳು ಕಾಣುತ್ತವೆ. ಪಿಲ್ಲರುಗಳ ತಲೆಯಿಂದ ಕಬ್ಬಿಣದ ಸರಳುಗಳನ್ನು ಎದೆಯೆತ್ತರಕ್ಕೆ ಹಾಗೇ ಬಿಟ್ಟಿರುತ್ತಾರೆ. ಮುಂದೆ ಎಂದಾದರೂ ಇನ್ನೊಂದು ಮಹಡಿ ಎಬ್ಬಿಸುವ ಕಾಲ ಬಂದರೆ ಅಲ್ಲಿಂದಲೇ ಮುಂದುವರಿಸಬಹುದು ಎಂಬ ಆಸೆ. ತುಕ್ಕು ಹಿಡಿಯಬಾರದೆಂದು ಕೆಲವರು ಸಿಮೆಂಟಿನ ತಿಳಿ ಬಳಿಯುತ್ತಾರೆ, ಕೆಲವರು ನೀರಿನ ಖಾಲಿ ಬಾಟಲಿಗಳನ್ನು ಬೋರಲು ಹಾಕುತ್ತಾರೆ. ನಾವು ಹೆಂಗಸರು ಬಟ್ಟೆ ಒಣಗಿಸುವ ಹಗ್ಗ ಕಟ್ಟುತ್ತೇವೆ. ಈಗ ನಮ್ಮ ಬೀದಿಯಲ್ಲಿ ಕಂಬಿಯಿಲ್ಲದ ತಾರಸಿ ಒಂದೇ, ಅದು ನಮ್ಮದು. ಮನೆ ಕಟ್ಟುವುದನ್ನೇ ಕಸುಬು ಮಾಡಿಕೊಂಡಿರುವ ನನ್ನ ಮಾವನ ಮನೆಯದು. ಯಾಕೆ ಕತ್ತರಿಸಿಬಿಟ್ಟಿರಿ ಎಂದು ಬಂದವರೆಲ್ಲ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟು ಕಳಿಸಿದ್ದೇನೆ, ಯಾಕೆಂದರೆ ಸರಿಯಾದ ಉತ್ತರ ನನಗೇ ಗೊತ್ತಿಲ್ಲ.

ಮಾವ ಚಿಕ್ಕವರಾಗಿದ್ದಾಗ ಈ ಬೀದಿಯ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಹೊಲವೆಲ್ಲ ಸೈಟುಗಳಾದ ಮೇಲೆ ಅವರು ನೇಗಿಲು ಬಿಟ್ಟು ಟೇಪು ಹಿಡಿದರು, ಕಾಂಟ್ರ್ಯಾಕ್ಟರ್ ಆದರು. ವಿದ್ಯಾರಣ್ಯಪುರದಿಂದ ಯಲಹಂಕದವರೆಗೆ ಅವರು ಕಟ್ಟಿಸಿದ ಮನೆಗಳಿವೆ. ಸುಣ್ಣ ಬಣ್ಣ, ವಾಸ್ತು, ದಿಕ್ಕು ಎಂದು ಅವರು ಹೆಚ್ಚು ತಲೆ ಕೆಡಿಸಿಕೊಳ್ಳುವವರಲ್ಲ. ಆದರೆ ಒಂದು ಕಟ್ಟುಪಾಡನ್ನು ಮಾತ್ರ ಬಿಟ್ಟವರಲ್ಲ. ಗುದ್ದಲಿ ಪೂಜೆಗೆ ದಿನ ಗೊತ್ತು ಮಾಡುವ ಮೊದಲು ಮನೆಯ ಯಜಮಾನನನ್ನು ಪಕ್ಕಕ್ಕೆ ಕರೆದು, “ಮನೇಲಿ ಬಸುರಿ ಎಂಗಸ್ರು ಯಾರಾರ ಅವ್ರಾ?” ಎಂದು ಕೇಳುತ್ತಾರೆ. ಇದ್ದಾರೆ ಎಂದರೆ ಮುಗಿಯಿತು, ಹೆರಿಗೆಯಾಗುವವರೆಗೆ ಸೈಟಿನ ಕಡೆ ತಲೆ ಹಾಕುವುದಿಲ್ಲ. ಒಳಗೆ ಒಂದು ಕಟ್ಟಡ ಏಳುತ್ತಿರುವಾಗ ಹೊರಗೆ ಇನ್ನೊಂದು ಏಳಬಾರದು ಎಂಬುದು ಅವರ ಅಪ್ಪನ ಕಾಲದಿಂದ ಬಂದ ಮಾತು. ಆಧುನಿಕರೆಂದು ಹೇಳಿಕೊಳ್ಳುವ ಗಂಡಹೆಂಡತಿ ಒಮ್ಮೆ ಇದನ್ನು ಕೇಳಿ ನಕ್ಕರು ಎಂದು ಆ ಕೆಲಸವನ್ನೇ ಬೇಡವೆಂದು ಬಂದಿದ್ದರು.

ಇಷ್ಟೆಲ್ಲ ನೇಮದ ಮನುಷ್ಯ ಸ್ವಂತ ಮನೆಯಲ್ಲಿ ತಪ್ಪಿದರು. ನಾನು ಬ್ಯಾಟರಾಯನಪುರದಿಂದ ಸೊಸೆಯಾಗಿ ಬಂದ ಮರುವರ್ಷ ಮೇಲಿನ ಮಹಡಿಯ ಕೆಲಸ ಹಿಡಿದರು. ಪಿಲ್ಲರುಗಳು ಎದ್ದ ಮೇಲೆ ನಾನು ಬಸುರಿ ಎಂದು ಗೊತ್ತಾಯಿತು. ನಿಲ್ಲಿಸಿ ಎಂದು ಅತ್ತೆ ಹೇಳಿದರು, ಅತ್ತೆಯ ಅಕ್ಕ ಹೇಳಿದರು, ಹಾಲಿನವನೂ ಹೇಳಿದ. ಮಾವ ನಿಲ್ಲಿಸಿದರು ಕೂಡ. ಆದರೆ ಅರೆಬರೆ ನಿಂತ ಮನೆ ನೋಡಿ ನೋಡಿ ಅವರಿಗೆ ತಡೆಯಲಾಗಲಿಲ್ಲ. ಮಗು ಬರುವ ಹೊತ್ತಿಗೆ ಅದಕ್ಕೊಂದು ರೂಮು ಬೇಡವೇ ಎಂದು, ನನಗೆ ಏಳು ತಿಂಗಳಾಗಿದ್ದಾಗ ಮೋಲ್ಡ್ ಹಾಕಿಸಿಬಿಟ್ಟರು. ಸೂರಿಗೆ ಕಾಂಕ್ರೀಟ್ ಸುರಿಯುವುದನ್ನು ನಮ್ಮಲ್ಲಿ ಹಾಗೆನ್ನುತ್ತಾರೆ. ಅಂದು ಗಾರೆ ಕೆಲಸದವರಿಗೆಲ್ಲ ಬಿರಿಯಾನಿ. ನಾನೂ ಎರಡು ಸಲ ಹಾಕಿಸಿಕೊಂಡು ತಿಂದೆ. ಅದರ ಮೇಲಿನ ಮಹಡಿ ಮೊಮ್ಮಗುವಿನದು ಎಂದು ಕಂಬಿಗಳನ್ನು ಬೇರೆಯವರಿಗಿಂತ ಒಂದಡಿ ಉದ್ದವೇ ಬಿಡಿಸಿದರು. ಮಗಳು ಸುಸೂತ್ರವಾಗಿ ಹುಟ್ಟಿದಳು, ದುಂಡಗಿದ್ದಳು. ಕಟ್ಟುಪಾಡಿನ ವಿಷಯ ಎಲ್ಲರೂ ಮರೆತೆವು.

ಅವಳಿಗೆ ಮೂರು ವರ್ಷ ತುಂಬಿದ ಮೇಲೆ, ಒಂದು ಶನಿವಾರ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದೆ. ಹೊಟ್ಟೆಯ ಎಡಗಡೆ ಕೈಗೆ ಏನೋ ಗಟ್ಟಿಯಾಗಿ ಸಿಕ್ಕಿತು. ನೋವಾ ಎಂದರೆ ಇಲ್ಲ ಎನ್ನುತ್ತಾಳೆ, ಕಚಗುಳಿಯಾಗಿ ನಗುತ್ತಾಳೆ. ಕಕ್ಕಸಿಗೆ ಸರಿಯಾಗಿ ಹೋಗಿಲ್ಲ, ಬಾಳೆಹಣ್ಣು ಕೊಡು ಎಂದರು ಅತ್ತೆ. ಕೊಟ್ಟೆ. ಸೋಮವಾರ ಮಕ್ಕಳ ಡಾಕ್ಟರು ಮುಟ್ಟಿ ನೋಡಿದವರೇ ನಗುವುದನ್ನು ನಿಲ್ಲಿಸಿ ಸ್ಕ್ಯಾನಿಗೆ ಬರೆದರು. ಆ ವಾರ ಮುಗಿಯುವುದರೊಳಗೆ ನಾವು ಹೆಬ್ಬಾಳದ ಫ್ಲೈಓವರ್ ದಾಟಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೂತಿದ್ದೆವು, ಕಿಡ್ನಿಯಲ್ಲಿ ಗೆಡ್ಡೆ, ಮಕ್ಕಳಿಗೆ ಬರುವ ಕ್ಯಾನ್ಸರ್ ಎಂದು ಕೇಳಿಸಿಕೊಳ್ಳುತ್ತ. ಓಡಾಡಿಕೊಂಡು, ಬಿಸ್ಕತ್ತು ತಿಂದುಕೊಂಡು, ಲಿಫ್ಟಿನ ಗುಂಡಿ ಒತ್ತುತ್ತೇನೆಂದು ಹಟ ಮಾಡುತ್ತಿರುವ ಈ ಮಗುವಿಗೇ ಎಂದು ನಾನು ಕೇಳಿದೆನಂತೆ. ಕೇಳಿದ್ದು ನನಗೆ ನೆನಪಿಲ್ಲ.

ಅಲ್ಲಿನ ಡಾಕ್ಟರು ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಹೇಗೆ ಬಂತು ಎಂದು ಕೇಳಿದ್ದಕ್ಕೆ ಮೊದಲು ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ನಾನು ಬಿಕಾಂ, ನನ್ನ ಗಂಡ ಸಿವಿಲ್ ಡಿಪ್ಲೊಮಾ, ಇಬ್ಬರೂ ತಲೆಯಾಡಿಸಿದೆವು. ಮಾವ ಆಡಿಸಲಿಲ್ಲ. ಏನು ಕೆಲಸ ಮಾಡುತ್ತೀರಿ ಎಂದು ಡಾಕ್ಟರು ಅವರನ್ನು ಕೇಳಿ, ಮನೆ ಕಟ್ಟಿಸುತ್ತೇನೆ ಎಂದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು.

“ಹಾಗಾದ್ರೆ ನಿಮಗೆ ಬೇಗ ಅರ್ಥ ಆಗುತ್ತೆ. ಹೊಟ್ಟೇಲಿ ಮಗು ತಯಾರಾಗುವಾಗ ಕೆಲವು ಜೀನ್‌ಗಳು ಮೇಸ್ತ್ರಿ ಥರ. ಇಲ್ಲಿ ಕಿಡ್ನಿ ಬರ್ಲಿ, ಇಷ್ಟು ಬೆಳೀಲಿ, ಈಗ ಸಾಕು, ನಿಲ್ಸಿ ಅಂತ ಹೇಳೋದೆಲ್ಲ ಅವೇ. ಮಗು ಹುಟ್ಟೋ ಹೊತ್ತಿಗೆ ಕಿಡ್ನಿ ಕಟ್ಟೋ ಕೆಲಸ ಮುಗಿದಿರುತ್ತೆ. ಬೆಳೀರಿ ಅನ್ನೋ ಜೀನ್ ಸುಮ್ಮನಾಗ್ಬೇಕು. ಇವಳ ಕಿಡ್ನೀಲಿ ಒಂದಷ್ಟು ಕಣಗಳಲ್ಲಿ ಸಾಕು ಅನ್ನೋ ಜೀನ್ ಕೆಟ್ಟಿದೆ. ಅವು ಸರಿಯಾಗಿ ಕಿಡ್ನೀನೂ ಆಗ್ಲಿಲ್ಲ, ತೆಪ್ಪಗೂ ಇರ್ಲಿಲ್ಲ. ಇನ್ನೂ ಹೊಟ್ಟೆಯೊಳಗಿನ ಕೂಸಿನ ಕಣಗಳ ಥರಾನೇ ಇವೆ, ಕಟ್ತಾನೇ ಇವೆ.”

“ಕೆಲ್ಸ ನಿಲ್ಸು ಅನ್ನೋನೇ ಇಲ್ದಂಗಾಯ್ತು ಅಂತೀರಾ?” ಎಂದರು ಮಾವ.

“ಕರೆಕ್ಟಾಗಿ ಹೇಳಿದ್ರಿ ನೋಡಿ,” ಎಂದು ಡಾಕ್ಟರು ಖುಷಿಪಟ್ಟರು. ಮಾವ ಕಾರಿನ ಕೀಲಿ ಕೈಗೆತ್ತಿಕೊಂಡರು. ಕಾರು ಸರಿಯಾಗಿ ನಿಲ್ಲಿಸಿಲ್ಲ, ನೋಡಿಕೊಂಡು ಬರುತ್ತೇನೆ ಎಂದು ಎದ್ದು ಹೋದರು. ಕಾರು ಸರಿಯಾಗಿಯೇ ನಿಂತಿತ್ತು.

ನನಗೆ ಅರ್ಥವಾಯಿತು ಎನ್ನಲೋ, ಆಗಲಿಲ್ಲ ಎನ್ನಲೋ. ಸೊಳ್ಳೆ ಕಚ್ಚಿ ಬಂದಿದ್ದರೆ ಸೊಳ್ಳೆಯನ್ನು ಬೈಯಬಹುದಿತ್ತು, ನೀರಿನಿಂದ ಬಂದಿದ್ದರೆ ಕಾರ್ಪೊರೇಷನ್ನನ್ನು. ಇಲ್ಲಿ ಬಂದಿರುವುದು ಎಲ್ಲಿಂದಲೂ ಅಲ್ಲ. ಅವಳ ಮೊಂಡು ಮೂಗನ್ನು, ನನ್ನ ಕೆನ್ನೆಗೆ ಒತ್ತುವ ಪುಟ್ಟ ಅಂಗೈಯನ್ನು ಹೀಗಿರಲಿ ಎಂದು ಮಾಡಿದ ಅದೇ ಬಳಗದ ಜೀನುಗಳು ಈ ಗೆಡ್ಡೆಯನ್ನೂ ಮಾಡುತ್ತಿವೆ ಎಂದರೆ ನಾನು ಯಾರ ಮೇಲೆ ಸಿಟ್ಟಾಗಬೇಕು? ಬೇಡ ಎಂದು ಯಾವುದಕ್ಕೆ ಹೇಳಬೇಕು? ಎಷ್ಟೋ ದಿನ ಈ ಪ್ರಶ್ನೆ ಹಿಡಿದುಕೊಂಡು ಅಡಿಗೆಮನೆಯಲ್ಲಿ ನಿಂತಿರುತ್ತಿದ್ದೆ, ಹಾಲು ಉಕ್ಕುತ್ತಿತ್ತು.

ಯಾರ ಕಡೆಯಿಂದ ಬಂತು ಎನ್ನುವುದು ಅತ್ತೆಯ ಪ್ರಶ್ನೆ. ಡಾಕ್ಟರು ರಕ್ತವನ್ನೂ ಗೆಡ್ಡೆಯ ಚೂರನ್ನೂ ಪರೀಕ್ಷೆ ಮಾಡಿಸಿದರು. ಮಗುವಿನ ರಕ್ತದಲ್ಲಿ ಆ ತಪ್ಪು ಇಲ್ಲ, ಗೆಡ್ಡೆಯಲ್ಲಿ ಮಾತ್ರ ಇದೆ, ಅಪ್ಪ ಅಮ್ಮನಿಂದ ಬಂದದ್ದಲ್ಲ ಎಂದರು. ಅತ್ತೆಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಬಂದದ್ದಲ್ಲ ಎಂದರೆ ಇಲ್ಲೇ ಆದದ್ದು, ಇಲ್ಲೇ ಎಂದರೆ ನನ್ನ ಹೊಟ್ಟೆಯಲ್ಲೇ.

ಕೀಮೊ ಶುರುವಾಯಿತು. ಗೆಡ್ಡೆ ಸಣ್ಣಗಾದ ಮೇಲೆ ಆಪರೇಷನ್ ಮಾಡಿ ಆ ಕಿಡ್ನಿಯನ್ನೇ ತೆಗೆದರು. ಒಂದು ಕಿಡ್ನಿಯಲ್ಲಿ ಮನುಷ್ಯ ಆರಾಮಾಗಿ ಬದುಕಬಹುದು ಎಂದು ಧೈರ್ಯ ಹೇಳಿದರು. ಆಮೇಲೆ ಮತ್ತೆ ಕೀಮೊ. ತಲೆಗೂದಲು ದಿಂಬಿನ ಮೇಲೆ ಉದುರುತ್ತಿತ್ತು. ಹುಟ್ಟಿದಾಗಿನಿಂದ ಅವಳನ್ನು ಹೆಗಲಿನಿಂದ ಇಳಿಸದಿದ್ದ ಮಾವ ಆ ತಿಂಗಳುಗಳಲ್ಲಿ ಒಂದು ಸಲವೂ ಅವಳನ್ನು ಮುಟ್ಟಲಿಲ್ಲ. ಎಳನೀರು ತಂದು ವಾರ್ಡಿನ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. “ತಾತಾ, ಉಪ್ಪುಮೂಟೆ!” ಎಂದು ಅವಳು ಕೂಗಿದರೆ ಅಲ್ಲಿಂದಲೇ ಕೈ ಎತ್ತಿ, ಕೆಲಸ ಇದೆ ಎಂದು ಮಾಯವಾಗುತ್ತಿದ್ದರು. ಮನೆಗೆ ಕರೆತಂದ ಮೇಲೂ ಅಷ್ಟೇ. ಊಟವನ್ನು ಸೈಟಿಗೆ ತರಿಸಿಕೊಳ್ಳುತ್ತಿದ್ದರು. ಮಗು ಚೆನ್ನಾಗಿದ್ದಾಗ ಎಲ್ಲರಿಗೂ ಬೇಕು, ಬೋಳು ತಲೆಯ ಮಗು ಯಾರಿಗೂ ಬೇಡ ಅಲ್ಲವೇ ಎಂದು ಗಂಡನ ಮೇಲೆ ಹರಿಹಾಯ್ದೆ. ಅವರು ಪಾಪ ನನ್ನಷ್ಟೇ ಗೊಂದಲದಲ್ಲಿದ್ದರು.

ಜೊತೆಗೆ ನೋಡಲು ಬರುವ ನೆಂಟರು. ಹಣ್ಣಿನ ಕವರು ಕೈಗಿಟ್ಟು, ದನಿ ತಗ್ಗಿಸಿ, “ಬಸುರೀಲಿ ಪರಂಗಿ ಹಣ್ಣು ಏನಾದ್ರೂ ತಿಂದಿದ್ಯೇನಮ್ಮ? ಗ್ರಹಣದ್ ದಿನ ಆಚೆ ಬಂದಿದ್ದಾ?” ಎಂದು ಅತ್ತೆಯ ಅಕ್ಕ ಕೇಳುವರು. ಮರವನ್ನೇ ತಿಂದಿದ್ದೆ ದೊಡ್ಡಮ್ಮ, ಗ್ರಹಣಾನೂ ಉಪ್ಪಿನಕಾಯಿ ಜೊತೆ ತಿಂದೆ ಎಂದು ಒಮ್ಮೆ ಅಂದುಬಿಟ್ಟೆ. ಬಾಯಲ್ಲಿ ಹಾಗೆ ಅಂದರೂ ಒಳಗೆ ನಾನೂ ಅದನ್ನೇ ಹುಡುಕುತ್ತಿದ್ದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಟ್ಟೆ ಹರವಲು ತಾರಸಿಗೆ ಹೋದೆ. ಮಾವ ಕಂಬಿಗಳ ಮಧ್ಯೆ ಸುಮ್ಮನೆ ನಿಂತಿದ್ದರು. ನನ್ನ ತಾಳ್ಮೆ ತಪ್ಪಿತು.

“ಮಾವ, ನಿಮಗೆ ಅವಳು ಬೇಡ ಅನ್ನೋದಾದ್ರೆ ನೇರವಾಗಿ ಹೇಳ್ಬಿಡಿ. ನಮ್ಮಮ್ಮನ ಮನೆಗೆ ಕರ್ಕೊಂಡು ಹೋಗ್ತೀನಿ.”

ಅವರು ತಿರುಗಿ ನೋಡಿದರು. ಕಣ್ಣು ಕೆಂಪಗಿತ್ತು. “ಅವ್ಳು ಬ್ಯಾಡ ಅಂತ ಯಾರಮ್ಮ ಏಳಿದ್ದು? ನಾನ್ ಮುಟ್ಟುದ್ರೆ ಇನ್ನೂ ಎಚ್ಚಾಗ್ತದೆ ಅಂತ ಬಯ.”

“ಏನು ಹೆಚ್ಚಾಗುತ್ತೆ?”

“ಡಾಕ್ಟ್ರಮ್ಮ ಏಳ್ಲಿಲ್ವಾ, ಕಟ್ಟೋ ಕೆಲ್ಸ ನಿಲ್ಬೇಕಿತ್ತು, ನಿಲ್ಲಿಲ್ಲ ಅಂತ? ನಿಲ್ಸು ನಿಲ್ಸು ಅಂತ ಮನೆಯೋರೆಲ್ಲ ಬಡ್ಕೊಂಡ್ರು. ನಾನ್ ನಿಲ್ಸಿದ್ನಾ? ನೀನು ತುಂಬಿದ್ ಬಸುರಿ, ಮೋಲ್ಡ್ ಆಕುಸ್ದೆ. ಸಾಲ್ದು ಅಂತ ಮೇಲಕ್ಕೆ ಕಂಬಿ ಬೇರೆ ಬಿಡುಸ್ದೆ. ಮನೇಲಿ ಇಂಗ್ ಮಾಡುದ್ರೆ ಒಟ್ಟೇಲಿ ಅಂಗೇ ಆಗ್ದೆ ಇರ್ತದಾ?”

ನಗು ಬರಬೇಕಿತ್ತು, ಬರಲಿಲ್ಲ. ಅಲ್ಲ ಮಾವ ಎಂದು ಶುರು ಮಾಡಿದೆ. ಡಾಕ್ಟರು ಸುಲಭವಾಗಲಿ ಎಂದು ಕೊಟ್ಟ ಮೇಸ್ತ್ರಿಯ ಮಾತು ಇವರ ಅಪ್ಪನ ಕಾಲದ ಕಟ್ಟುಪಾಡಿಗೆ ಒಂದು ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂತುಬಿಟ್ಟಿತ್ತು. ಎಲ್ಲಿ ತಪ್ಪಿದೆ ಎಂದು ನನಗೆ ಗೊತ್ತು, ಆದರೆ ಬೆರಳಿಟ್ಟು ತೋರಿಸುವುದು ಹೇಗೆ? ಮತ್ತಿಕೆರೆಯ ಕಾಲೇಜಿನಲ್ಲಿ ಸಂಪಾದಿಸಿದ ನನ್ನ ಬಿಕಾಂ ಸರಿಯಾದ ಹೊತ್ತಿಗೆ ಕೈಕೊಟ್ಟಿತು. ಮುಂದಿನ ಸಲ ಆಸ್ಪತ್ರೆಗೆ ನೀವೇ ಬನ್ನಿ, ಡಾಕ್ಟರನ್ನೇ ಕೇಳೋಣ ಎಂದೆ.

ಬಂದರು. ಮಗಳನ್ನು ನರ್ಸ್ ತೂಕ ನೋಡಲು ಕರೆದುಕೊಂಡು ಹೋದಾಗ, ತಪ್ಪೊಪ್ಪಿಗೆ ಹೇಳುವವರಂತೆ ಮೋಲ್ಡಿನ ಕಥೆ ಹೇಳಿದರು. ಡಾಕ್ಟರು ನಗುತ್ತಾರೇನೋ ಎಂದು ನಾನು ಅವರನ್ನೇ ಗುರಾಯಿಸಿಕೊಂಡು ಕೂತಿದ್ದೆ. ನಗಲಿಲ್ಲ.

“ಯಜಮಾನ್ರೇ, ಮೇಸ್ತ್ರಿ ಅಂತ ನಾನು ಹೇಳಿದ್ದು ಅರ್ಥ ಆಗ್ಲಿ ಅಂತ ಅಷ್ಟೇ. ನಿಮ್ಮ ಸಿಮೆಂಟಿಗೂ ಇವಳ ಕಿಡ್ನಿಗೂ ಯಾವ ಸಂಬಂಧಾನೂ ಇಲ್ಲ. ನೀವು ಮೋಲ್ಡ್ ಹಾಕಿದ್ದು ಏಳನೇ ತಿಂಗಳು ಅಂತೀರ. ಕಿಡ್ನಿ ಕೆಲಸ ಎರಡನೇ ತಿಂಗಳಲ್ಲೇ ಶುರುವಾಗಿರುತ್ತೆ, ಬಸುರಿ ಅಂತ ತಾಯಿಗೇ ಸರಿಯಾಗಿ ಗೊತ್ತಿರಲ್ಲ ಆಗ. ಕಣ ಒಂದು ಎರಡಾಗುವಾಗ ಎಲ್ಲೋ ಒಂದು ಕಡೆ ತಪ್ಪು ಆಗುತ್ತೆ. ಯಾವಾಗ ಆಯ್ತು, ಯಾಕಾಯ್ತು ಅಂತ ಯಾರೂ ಹೇಳೋಕಾಗಲ್ಲ. ಯಾರೂ ಮಾಡಿದ್ದಲ್ಲ ಇದು. ನೀವೂ ಅಲ್ಲ, ತಾಯೀನೂ ಅಲ್ಲ.”

ಮಾವ ಕುರ್ಚಿಯ ಮೇಲೆ ಕೂತರು. ಅಷ್ಟು ಹೊತ್ತು ನಿಂತೇ ಇದ್ದರು ಎಂಬುದು ಆಗ ನನ್ನ ಗಮನಕ್ಕೆ ಬಂತು. ಡಾಕ್ಟರು ಹೇಳಿದ್ದೆಲ್ಲ ನನ್ನ ಕಿವಿಗೂ ಬಿತ್ತು, ಆದರೆ ಒಳಗೆ ಇಳಿದದ್ದು ಎರಡನೇ ತಿಂಗಳು ಎಂಬ ಮಾತು ಒಂದೇ.

ವಾಪಸು ಬರುವಾಗ ಮಾವ ಕಾರು ಓಡಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಹೆಬ್ಬಾಳದಲ್ಲಿ ಎಂದಿನಂತೆ ಗಾಡಿಗಳು ಅಂಟಿಕೊಂಡು ನಿಂತಿದ್ದವು. ಎಷ್ಟೋ ತಿಂಗಳ ಮೇಲೆ ಮಾವ ಬಾಯಿ ಬಿಟ್ಟು ಮಾತಾಡಿದರು. ಪಕ್ಕದ ಬಸ್ಸಿನವನನ್ನು ಬೈದರು, ಕೊಡಿಗೇಹಳ್ಳಿ ಹತ್ತಿರ ಟೀ ಕುಡಿಯೋಣ ಎಂದರು. ಕುಡಿಯುತ್ತೀಯಾ ಎಂಬಂತೆ ಕನ್ನಡಿಯಲ್ಲಿ ನೋಡಿದರು. ಅಷ್ಟರಲ್ಲಿ ನನಗೆ ಅಳು ಒತ್ತರಿಸಿಕೊಂಡು ಬಂದಿತ್ತು.

ಎರಡನೇ ತಿಂಗಳಲ್ಲಿ ನನಗೆ ಜ್ವರ ಬಂದಿತ್ತು. ಬಸುರಿ ಎಂದು ಗೊತ್ತಿರಲಿಲ್ಲ. ಮೂಲೆಯ ಮೆಡಿಕಲ್ ಸ್ಟೋರಿನವನು ಕೊಟ್ಟ ಮಾತ್ರೆಗಳನ್ನು ನುಂಗಿದ್ದೆ. ಯಾವ ಮಾತ್ರೆ, ಯಾವ ಬಣ್ಣ ಎಂದೂ ನೆನಪಿಲ್ಲ. ಇದನ್ನು ಗಂಡನಿಗೂ ಹೇಳಿರಲಿಲ್ಲ, ಡಾಕ್ಟರನ್ನು ಕೇಳುವ ಧೈರ್ಯವೂ ಆಗಿರಲಿಲ್ಲ. ಹೌದು ಎಂದುಬಿಟ್ಟರೆ ಆಮೇಲೆ ನಾನು ಮಗಳ ಮುಖ ನೋಡುವುದು ಹೇಗೆ? ಈಗ ಆ ಗಾಡಿಗಳ ಮಧ್ಯೆ, ಬೆನ್ನು ತಿರುಗಿಸಿ ಕೂತ ಮಾವನಿಗೆ ಎಲ್ಲವನ್ನೂ ಹೇಳಿದೆ. “ನೀವು ಮಾಡಿದ್ದಲ್ಲ ಮಾವ. ನೀವು ಮೋಲ್ಡ್ ಹಾಕೋಕೆ ಎಷ್ಟೋ ಮುಂಚೇನೇ ನಾನು ಕೆಡಿಸಿಟ್ಟಿದ್ದೆ,” ಎಂದೆ.

ಮಾವ ಗಾಡಿಯನ್ನು ಒಂದು ಮಾರು ಮುಂದಕ್ಕೆ ಬಿಟ್ಟು, “ಯಾರೂ ಮಾಡಿದ್ದಲ್ಲ ಅಂದ್ರಲ್ಲಮ್ಮ ಡಾಕ್ಟ್ರಮ್ಮ,” ಎಂದರು.

“ಅಂದ್ರು. ಯಾರೂ ಮಾಡದೆ ಹೇಗೆ ಆಗುತ್ತೆ ಮಾವ?”

ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಟೀ ಕುಡಿಯದೆ ಮನೆಗೆ ಬಂದೆವು. ನಿದ್ದೆಯಲ್ಲಿದ್ದ ಮಗಳನ್ನು ನಾನೇ ಎತ್ತಿಕೊಂಡು ಇಳಿದೆ, ಮಾವ ಆಗಲೂ ಕೈ ಚಾಚಲಿಲ್ಲ.

ಕೊನೆಯ ಕೀಮೊ ಮುಗಿಯಿತು, ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಆಗ ನನಗೆ ಧೈರ್ಯ ಬಂದು ಮಾತ್ರೆಯ ವಿಷಯ ಡಾಕ್ಟರನ್ನು ಕೇಳಿದೆ. ಜ್ವರದ ಮಾತ್ರೆಯಿಂದ ಇದು ಬರುವುದಿಲ್ಲ ಎಂದು ಅವರು ನನ್ನ ಕೈ ಹಿಡಿದು ಹೇಳಿದರು. ನಂಬಿದೆ. ಆಸ್ಪತ್ರೆಯ ಗೇಟು ದಾಟುವವರೆಗೆ ಪೂರ್ತಿ ನಂಬಿದ್ದೆ. ಮಗಳು ಈಗ ಶಾಲೆಗೆ ಹೋಗುತ್ತಾಳೆ, ಎರಡು ಜಡೆ ಬೇಕೆಂದು ಹಟ ಮಾಡುವಷ್ಟು ಕೂದಲು ಬಂದಿದೆ. ಆದರೂ ಪ್ರತಿ ಸ್ಕ್ಯಾನಿನ ಹಿಂದಿನ ದಿನ ಆ ಮೆಡಿಕಲ್ ಸ್ಟೋರಿನ ಮುಂದೆ ಹಾಯುವುದಕ್ಕೆ ನನ್ನ ಕಾಲು ಒಪ್ಪುವುದಿಲ್ಲ.

ಇನ್ನು ಕಂಬಿಯ ವಿಷಯ. ಆ ಕೊನೆಯ ಕೀಮೊ ಆದ ಮೇಲಿನ ಭಾನುವಾರ ನೆಂಟರೆಲ್ಲ ಮಗುವನ್ನು ನೋಡಲು ಬಂದಿದ್ದರು. ತಾರಸಿಯಲ್ಲಿ ಶಾಮಿಯಾನ ಹಾಕಿ ಊಟಕ್ಕಿಟ್ಟಿದ್ದೆವು. ದೊಡ್ಡಮ್ಮ ಎಲೆಯ ಮುಂದೆ ಕೂತು, ನಾನು ಸಾರು ಬಡಿಸಲು ಬಗ್ಗಿದಾಗ, ಇನ್ನೊಂದು ಮಗು ಆಗುವಾಗಲಾದರೂ ನೋಡಿಕೊಂಡು ತಿನ್ನಮ್ಮ ಎಂದರು. ಸಾಲಿನ ಹೆಂಗಸರೆಲ್ಲ ನನ್ನನ್ನು ನೋಡಿದರು. ಎಂದಿನ ವರಸೆಯಲ್ಲಿ ತಿರುಗಿ ಅನ್ನದೆ ಅವರ ಎಲೆಗೆ ಇನ್ನೊಂದು ಸೌಟು ಸಾರು ಹಾಕಿದೆ.

ಅಷ್ಟು ದೂರದಲ್ಲಿ ಪಾಯಸ ಬಡಿಸುತ್ತಿದ್ದ ಮಾವ ಪಾತ್ರೆ ಕೆಳಗಿಟ್ಟರು. ಕೆಳಗೆ ಹೋಗಿ ಕಬ್ಬಿಣ ಕೊಯ್ಯುವ ಮಷೀನು ಹೊತ್ತು ತಂದರು, ವೈರು ಸಿಕ್ಕಿಸಿದರು. ಏನು ಮಾಡುತ್ತಿದ್ದಾರೆ ಎಂದು ಯಾರಿಗೂ ತಿಳಿಯಲಿಲ್ಲ. ನನ್ನ ಗಂಡ ಎದ್ದು ನಿಂತರು.

“ಎಲ್ರೂ ಕೇಳ್ಕೊಳ್ರಪ್ಪ. ನನ್ ಸೊಸೆನ ಇನ್ಮೇಲೆ ಯಾರೂ ಏನೂ ಕೇಳ್ಬ್ಯಾಡ್ರಿ. ಮನೇಲಿ ಬಸುರಿ ಇದ್ರೂ ಮೋಲ್ಡ್ ಆಕ್ಸಿದ್ದು ನಾನು. ಈ ಕಂಬಿ ಬಿಡ್ಸಿದ್ದೂ ನಾನು. ತಪ್ಪು ನಂದು. ಅವ್ಳುದಲ್ಲ.”

ಮಷೀನು ಕಿರುಚಿತು, ಕಿಡಿ ಹಾರಿತು. ಉಣ್ಣುತ್ತಿದ್ದವರು ಎಲೆ ಎತ್ತಿಕೊಂಡು ಹಿಂದೆ ಸರಿದರು. ದೊಡ್ಡಮ್ಮ ತುತ್ತು ಕೈಯಲ್ಲೇ ಹಿಡಿದು, ಅದೇ ನೋಡು, ನಾನು ಆವಾಗಲೇ ಹೇಳಿದ್ದೆ ಎಂದು ಪಕ್ಕದವರಿಗೆ ಹೇಳತೊಡಗಿದರು. ನನ್ನನ್ನು ನೋಡುವುದನ್ನು ಎಲ್ಲರೂ ಬಿಟ್ಟಿದ್ದರು. ನಾನು ಓಡಿಹೋಗಿ ಮಾವನ ತೋಳು ಹಿಡಿದೆ.

“ಏನ್ ಮಾವ ಇದು? ನಿಮ್ಮಿಂದ ಅಲ್ಲ ಅಂತ ಡಾಕ್ಟರ್ ಅಷ್ಟು ಬಿಡಿಸಿ ಹೇಳಿದ್ರಲ್ಲ!”

ಅವರು ಮಷೀನು ನಿಲ್ಲಿಸಿ, ನನಗೆ ಮಾತ್ರ ಕೇಳುವಂತೆ, “ಯಾರ್ದೋ ಒಬ್ರುದು ಅಂತ ಆಗ್ಲೇಬೇಕಲ್ಲಮ್ಮ ಇವ್ರಿಗೆ. ನಂದೇ ಅಂತ ಇರ್ಲಿ ಬಿಡು,” ಎಂದರು.

ಇವರಿಗೆ ಎಂದರೆ ನೆಂಟರಿಗೋ, ನನಗೋ, ಅಥವಾ ಸ್ವತಃ ಅವರಿಗೇ ಒಬ್ಬ ತಪ್ಪಿತಸ್ಥ ಬೇಕಾಗಿತ್ತೋ, ನನಗೆ ಇವತ್ತಿಗೂ ತಿಳಿಯದು. ಕೇಳಿದರೆ ಮಾತು ಬದಲಿಸುತ್ತಾರೆ. ಈಗಲೂ ಹೊಸ ಕೆಲಸ ಹಿಡಿಯುವ ಮೊದಲು ಮನೆಯಲ್ಲಿ ಬಸುರಿ ಇದ್ದಾರೆಯೇ ಎಂದು ಕೇಳುತ್ತಾರೆ.

ಆದರೆ ಒಂದನ್ನು ನಾನು ಕಣ್ಣಾರೆ ಕಂಡೆ. ಮಷೀನಿನ ಸದ್ದಿಗೆ ಹೆದರಿ ಮಗಳು ಅಳುತ್ತ ಬಂದಳು. ತಾನು ಮುಟ್ಟಿದರೆ ಹೆಚ್ಚಾಗುತ್ತದೆ ಎಂದು ಅಷ್ಟು ತಿಂಗಳು ದೂರ ನಿಂತಿದ್ದ ಮನುಷ್ಯ, ತಪ್ಪೆಲ್ಲ ತನ್ನದೇ ಎಂದು ನೆಂಟರ ಮುಂದೆ ಸಾರಿದ ಬಾಯಿ ಇನ್ನೂ ಆರುವ ಮೊದಲೇ, ಪಂಚೆಗೆ ಕೈ ಒರೆಸಿಕೊಂಡು ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಅವಳು ಅವರ ತಲೆ ತಬ್ಬಿಕೊಂಡು, ಇನ್ನೊಂದು ಕಂಬಿ ಕತ್ತರಿಸು ತಾತ ಎಂದಳು.